ಅಬ್ದುರ್ ರಜಾಕನ ಗ್ರಂಥದಲ್ಲಿ ಪಾರಸಿಕ ಶಿಷ್ಟಾಚಾರ

ಹೆರಾತಿನ ಸುಲ್ತಾನ ಶಾ ರುಖನ ರಾಯಭಾರಿಯಾಗಿ 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕನು, ಆ ಪ್ರಯಾಣದ ವೃತ್ತಾಂತವನ್ನು ‘ಮತ್ಲಾ-ಉಸ್-ಸಾದೈನ್’ ಎಂಬ ತನ್ನ ಪಾರಸಿ ಇತಿಹಾಸಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ನಗರದ ಏಳು ಸುತ್ತಿನ ಕೋಟೆ, ಪೇಟೆಗಳು, ಮಹಾನವಮಿಯ ವೈಭವ ಇವುಗಳಿಗಾಗಿ ನಮ್ಮ ಇತಿಹಾಸಕಾರರು ಇದನ್ನು ಬಹುವಾಗಿ ಬಳಸಿಕೊಂಡಿದ್ದಾರೆ. ಆದರೆ ಬರೆದವನ ನಡೆನುಡಿಗಳನ್ನು ಅರಿಯದೆ ಬರಹದ ತೂಕವನ್ನು ಅರಿಯಲಾಗದು. ಆ ದೃಷ್ಟಿಯಿಂದ ಅದರ ಓಲಗದ ಪ್ರಸಂಗವನ್ನು ಇಲ್ಲಿ ವಿಮರ್ಶಿಸುತ್ತೇವೆ.

ಪಾರಸಿಕರ ಮರ್ಯಾದೆಗಳು ನಮಗೆ ತಿಳಿದವೇ ಎಂಬ ಭ್ರಮೆ, ಆದಿಲಶಾಹಿ ಆಳ್ವಿಕೆಯನ್ನು ಕಂಡ ವಿಜಯಪುರ ಸೀಮೆಯವರಿಗೆ ಸುಲಭವಾಗಿ ಉಂಟಾಗುತ್ತದೆ. ನಾಲತವಾಡದ ಕಡೆಯ ಆಡುಮಾತಿನಲ್ಲಿಯೂ ಖಾತರಿ, ತಕರಾರು ಎಂಬ ಮಾತುಗಳುಂಟು. ಆದರೆ ಪಾರಸಿಯಲ್ಲಿ ‘ಖಾತಿರ್’ ಎಂದರೆ ಮನಸ್ಸು. ‘ತಕ್ರಾರ್’ ಎಂದರೆ ಪುನರುಕ್ತಿ. ಶಬ್ದವು ಬಂದಿತೆಂದ ಮಾತ್ರಕ್ಕೆ ಅದರ ಹಿಂದಿನ ಆಚಾರವೂ ಬಂದಿತೆನ್ನಲಾಗದು.

ಗ್ರಂಥಕಾರನು ಇಮ್ಮಡಿ ದೇವರಾಯನಿಗೆ ಐದು ಕುದುರೆಗಳನ್ನೂ, ಒಂದೊಂದರಲ್ಲಿ ಒಂಬತ್ತು ರೇಷ್ಮೆಯ ವಸ್ತ್ರಗಳಿದ್ದ ಎರಡು ಹರಿವಾಣಗಳನ್ನೂ ಒಪ್ಪಿಸಿದನು. ಒಂಬತ್ತೇ ಏಕೆಂದು ಆತನು ಹೇಳುವುದಿಲ್ಲ. ಕಾಣಿಕೆಯನ್ನು ಒಂಬತ್ತರ ಲೆಕ್ಕದಲ್ಲಿ ಕೊಡುವುದು ತುರ್ಕ-ಮಂಗೋಲರಿಂದ ತೈಮೂರ ವಂಶದವರಿಗೆ ಬಂದ ಪದ್ಧತಿ. ಆತನ ಓದುಗರಿಗೆ ಅದನ್ನು ವಿವರಿಸಬೇಕಾಗಿರಲಿಲ್ಲ. ಸೆಕೆಯಿಂದಲೂ ಉಡುಪಿನ ಭಾರದಿಂದಲೂ ಬೆವೆತ ತನಗೆ ಅರಸನು ಕೈಯಲ್ಲಿದ್ದ ಬೀಸಣಿಗೆಯನ್ನೇ ಕೊಟ್ಟನೆಂದು ಬರೆಯುತ್ತಾನೆ. ಅಷ್ಟು ಉಡುಪನ್ನು ತೊಟ್ಟುದೇಕೆಂದು ಬರೆಯುವುದಿಲ್ಲ. ಓಲಗಕ್ಕೆ ಮೈತುಂಬ ಉಡುವುದು ಆತನ ನಾಡಿನ ಮರ್ಯಾದೆಯೆಂದು ನಾವೇ ಊಹಿಸಬೇಕು. ತಾಂಬೂಲದ ಗುಣಗಳನ್ನಾದರೋ ವಿಸ್ತಾರವಾಗಿ ವರ್ಣಿಸಿದ್ದಾನೆ. ನಮ್ಮ ಆಚಾರವು ಹೊಸದಾಗಿ ಕಂಡುದರಿಂದ ಬರಹಕ್ಕೆ ವಿಷಯವಾಯಿತು. ತನ್ನದು ಸಹಜವಾದುದರಿಂದ ಮೌನದಲ್ಲಿ ಉಳಿಯಿತು.

ಪ್ರಸಂಗದ ಸಾರವಿರುವುದು ಅರಸನ ಮಾತಿನಲ್ಲಿ. ತಾಂಬೂಲ, ಕರ್ಪೂರಗಳೊಡನೆ 500 ಹಣಗಳ ಚೀಲವನ್ನು ಕೊಡಿಸಿ, ನಿಮ್ಮ ಅರಸರು ರಾಯಭಾರಿಗೆ ಊಟವಿಕ್ಕುತ್ತಾರೆ, ನಾವೂ ನೀವೂ ಒಟ್ಟಿಗೆ ಉಣ್ಣುವಂತಿಲ್ಲವಾದುದರಿಂದ ಈ ಚೀಲವೇ ನಮ್ಮ ಔತಣ ಎಂಬ ಅರ್ಥದಲ್ಲಿ ಆತನು ಹೇಳಿಸಿದನಂತೆ. ಅತಿಥಿಯ ಪದ್ಧತಿಯನ್ನು ಅರಿತು, ತನ್ನದನ್ನು ಬಿಡದೆ, ಎರಡಕ್ಕೂ ಸಲ್ಲುವ ದಾರಿಯೊಂದನ್ನು ಅರಸನು ಕಂಡುಕೊಂಡನು. ಇದಕ್ಕೆ ಮೊದಲು ಕಲ್ಲಿಕೋಟೆಯ ಸಾಮೂದಿರಿಯಿಂದ ತಕ್ಕ ಮನ್ನಣೆ ದೊರೆಯಲಿಲ್ಲವೆಂದು ದೂರಿದ ಲೇಖಕನು ಇಲ್ಲಿ ತೃಪ್ತನಾಗಿದ್ದಾನೆ.

ಈ ಮಾತುಗಳು ದುಭಾಷಿಯ ಬಾಯಿಂದ ಪಾರಸಿಗೂ, ಅಲ್ಲಿಂದ ಲೇಖಕನ ಆಲಂಕಾರಿಕ ಗದ್ಯಕ್ಕೂ ಇಳಿದಿವೆ. ಅಕ್ಷರಶಃ ಅರಸನವೆಂದು ಉದ್ಧರಿಸುವುದು ಸಾಧುವಲ್ಲ. ರಾಯಭಾರಿಗೆ ಸಂದ ಮನ್ನಣೆ ಒಡೆಯನಿಗೂ ಸಂದಂತಾದುದರಿಂದ ಔದಾರ್ಯವನ್ನು ಹಿಗ್ಗಿಸಿ ಬರೆದಿರಲೂಬಹುದು. ಆದರೆ ಅರಸನು ತನ್ನೊಡನೆ ಉಣ್ಣಲೊಲ್ಲನೆಂಬ, ಒಡೆಯನಿಗೆ ಕೀರ್ತಿ ತಾರದ ಸಂಗತಿಯನ್ನು ಆತನು ಕಟ್ಟಿ ಹೇಳಲು ಕಾರಣವು ಕಾಣದು. ಆದುದರಿಂದ ಈ ಭಾಗವನ್ನು ವಿಶ್ವಾಸಾರ್ಹವೆಂದೇ ನಾವು ಎಣಿಸುತ್ತೇವೆ. ಈ ಗ್ರಂಥವು ವರ್ಣಿಸಿದುದರಿಂದ ವಿಜಯನಗರವನ್ನು ತಿಳಿಯುವ ಸಂಶೋಧಕರು, ವರ್ಣಿಸದೆ ಬಿಟ್ಟುದರಿಂದ ಹೆರಾತನ್ನೂ ತಿಳಿಯಲು ಯತ್ನಿಸಬೇಕು.