ನಗರ ಸುಧಾರಣೆಯ ಮಾನದಂಡ: ಮುಂಬಯಿಯ ನಿದರ್ಶನ

ಜನನಿಬಿಡವಾದ ಹಳೆಯ ಕೇರಿಗಳನ್ನು ನವೀಕರಿಸುವ ಸಾರ್ವಜನಿಕ ಸಂಸ್ಥೆಗಳನ್ನು ಅವು ನಿರ್ಮಿಸಿದ ಬೀದಿ ಕಟ್ಟಡಗಳಿಂದ ಅಳೆಯುವುದು ವಾಡಿಕೆ. ಈ ಮಾನದಂಡ ಸಾಲದೆಂದು ನಾವು ಭಾವಿಸುತ್ತೇವೆ. ಕೆಡವಿದ ಮನೆಗಳಿಂದ ಹೊರಬಿದ್ದವರು ಎಲ್ಲಿಗೆ ಹೋದರು ಎಂಬ ಪ್ರಶ್ನೆಗೆ ಉತ್ತರ ದೊರೆಯದ ಹೊರತು ಸುಧಾರಣೆಯೆಂಬ ಮಾತು ಸಾರ್ಥಕವಾಗದು.

1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ತಲೆದೋರಿತು. ಅದರ ಪರಿಣಾಮವಾಗಿ 1898ರ ಶಾಸನದಿಂದ ನಗರ ಸುಧಾರಣಾ ಟ್ರಸ್ಟು ಸ್ಥಾಪಿತವಾಯಿತು. ಇಕ್ಕಟ್ಟಾದ ಕೇರಿಗಳಿಗೆ ಗಾಳಿ ಬೆಳಕು ತರುವುದು, ಹೊಸ ರಸ್ತೆಗಳನ್ನು ತೆರೆಯುವುದು, ಬಡವರಿಗೆ ಆರೋಗ್ಯಕರವಾದ ವಸತಿ ಒದಗಿಸುವುದು ಅದರ ಕರ್ತವ್ಯಗಳಾಗಿದ್ದವು. ಸ್ಯಾಂಡ್‌ಹರ್ಸ್ಟ್ ರಸ್ತೆಯೂ ದಾದರ್, ಮಾಟುಂಗಾ ಬಡಾವಣೆಗಳೂ ಅದರ ಕೃತಿಗಳೇ. ಇವುಗಳ ಉಪಯುಕ್ತತೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಮನೆ ಕಳೆದುಕೊಂಡವರ ಸಂಖ್ಯೆಗೆ ಟ್ರಸ್ಟು ಕಟ್ಟಿಸಿದ ಚಾಳುಗಳು ಸಾಟಿಯಾಗಲಿಲ್ಲ. ದುಡಿಮೆಯ ಸ್ಥಳವನ್ನು ಬಿಟ್ಟು ದೂರ ಹೋಗಲಾರದ ಕೂಲಿಕಾರರು ನೆರೆಯ ಕೇರಿಗಳಲ್ಲಿಯೇ ತುಂಬಿಕೊಂಡರು.

ಇದನ್ನು ಅಧಿಕಾರಿಗಳ ನಿರ್ದಯತೆಗೆ ಆರೋಪಿಸುವುದು ಸುಲಭ. ನಮಗೆ ತೋರುವಂತೆ ದೋಷವಿದ್ದುದು ಲೆಕ್ಕದ ಕ್ರಮದಲ್ಲಿ. ವೆಚ್ಚವನ್ನು ಭೂಮಿಯ ಬೆಲೆಯಿಂದ ಹಿಂಪಡೆಯಬೇಕಾದ ಸಂಸ್ಥೆಗೆ ರಸ್ತೆಯ ಬದಿಯ ನಿವೇಶನ ಲಾಭವಾಗಿಯೂ ಬಡವನ ಕೊಠಡಿ ನಷ್ಟವಾಗಿಯೂ ಕಾಣುವುದು ಸಹಜ.

1914ರಲ್ಲಿ ಭಾರತಕ್ಕೆ ಬಂದ ಪ್ಯಾಟ್ರಿಕ್ ಗೆಡ್ಡೀಸರು ಬೇರೊಂದು ಮಾರ್ಗವನ್ನು ಪ್ರತಿಪಾದಿಸಿದರು. ಕೇರಿಯನ್ನು ಕಾಲ್ನಡಿಗೆಯಲ್ಲಿ ಪರಿಶೀಲಿಸಿ, ತೀರ ಶಿಥಿಲವಾದ ಮನೆಗಳನ್ನಷ್ಟೇ ತೆಗೆದು ಉಳಿದವನ್ನು ಕಾಪಾಡುವ ಮಿತವಾದ ಶಸ್ತ್ರಚಿಕಿತ್ಸೆ ಅವರದು. ಒಂದೊಂದು ಕೊಠಡಿಯಲ್ಲಿಯೂ ಒಂದೊಂದು ಸಂಸಾರವಿರುವ, ಮಾಲೀಕನೂ ಬಾಡಿಗೆದಾರನೂ ಬೇರೆಯಾದ ಬಹುಮಹಡಿಯ ಚಾಳಿಗೆ ಈ ಚಿಕಿತ್ಸೆ ಪೂರ್ಣ ಪರಿಹಾರವಾಗಲಾರದು. ಆದರೂ ಕೆಡವುವ ಮುನ್ನ ನಿವಾಸಿಗಳ ಬಾಳನ್ನು ಅರಿಯಬೇಕೆಂಬ ಅವರ ಆಗ್ರಹ ಇಂದಿಗೂ ಸ್ವೀಕಾರಾರ್ಹ.

ಟ್ರಸ್ಟು 1933ರಲ್ಲಿ ನಗರಸಭೆಯಲ್ಲಿ ವಿಲೀನವಾಯಿತು; ಅದರ ಲೆಕ್ಕದ ಕ್ರಮ ಮಾತ್ರ ಉಳಿಯಿತು. 1995ರಲ್ಲಿ ಸ್ಥಾಪಿತವಾದ ಕೊಳಚೆ ಪ್ರದೇಶ ಪುನರ್ವಸತಿ ಪ್ರಾಧಿಕಾರದ ಯೋಜನೆಯಲ್ಲಿ ಹೆಚ್ಚುವರಿ ಮನೆಗಳ ಮಾರಾಟದಿಂದ ನಿವಾಸಿಗಳ ಉಚಿತ ಮನೆಗಳ ವೆಚ್ಚವನ್ನು ಭರಿಸಲಾಗುತ್ತದೆ. ಮೂಲಸ್ಥಳದಲ್ಲಿಯೇ ಮನೆ ಕೊಡುವ ಈ ಏರ್ಪಾಡು ಟ್ರಸ್ಟಿನ ಕಾಲಕ್ಕಿಂತ ಮುಂದುವರಿದ ಹೆಜ್ಜೆಯೇ ಸರಿ. ಆದರೆ ಉಚಿತ ಮನೆಯ ಅರ್ಹತೆ ಗೊತ್ತುಪಡಿಸಿದ ದಿನಾಂಕಕ್ಕೆ ಮುಂಚಿನ ವಾಸದ ದಾಖಲೆಯನ್ನು ಅವಲಂಬಿಸಿದೆ; ಅದಿಲ್ಲದವರಿಗೆ ಆ ಹಕ್ಕಿಲ್ಲ. ಮಾರಾಟದ ಬೆಲೆ ಕಡಮೆಯಾದ ಕೇರಿಗೆ ಕಟ್ಟುವವರೂ ಸುಲಭವಾಗಿ ಬಾರರು.

ಆದುದರಿಂದ ಇಂಥ ಪ್ರತಿಯೊಂದು ಸಂಸ್ಥೆಯೂ ತನ್ನ ವಾರ್ಷಿಕ ವರದಿಯಲ್ಲಿ ಕಟ್ಟಿದ ಮನೆಗಳೊಡನೆ ತೆರವಾದ ಸಂಸಾರಗಳ ಇಂದಿನ ನೆಲೆಯನ್ನೂ ದಾಖಲಿಸಬೇಕು. ಆ ಪಟ್ಟಿಯಿಲ್ಲದ ವರದಿಯನ್ನು ನಮ್ಮ ವಿದ್ಯಾರ್ಥಿಗಳು ಅಪೂರ್ಣವೆಂದೇ ಪರಿಗಣಿಸುವುದು ಯುಕ್ತ.