ಜರ್ನೈಲ್ ಸಿಂಗ್ ಬಿಟ್ಟುಹೋದ ಜಾಗ

೨೦೨೪ರ ಏಪ್ರಿಲ್‌ನಲ್ಲಿ ‘ಮೈದಾನ್’ ಎಂಬ ಹಿಂದಿ ಚಿತ್ರ ತೆರೆಕಂಡಾಗ ನಮ್ಮ ಮನೆಯ ಮೂರು ತಲೆಮಾರಿನವರೂ ಒಟ್ಟಿಗೆ ಹೋಗಿ ನೋಡಿದ್ದೆವು. ಭಾರತದ ಕಾಲ್ಚೆಂಡಾಟದ ತರಬೇತುದಾರರಾಗಿದ್ದ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮರ ಕಥೆ ಅದು. ಅಜಯ್ ದೇವಗನ್ ರಹೀಮರಾಗಿ ಸಂಯಮದಿಂದ ನಟಿಸಿದ್ದಾರೆ. ಪತ್ನಿಯ ಪಾತ್ರದಲ್ಲಿ ನಮ್ಮ ಬೆಂಗಳೂರಿನ ಪ್ರಿಯಾಮಣಿ ಇದ್ದಾರೆ. ಮಗನಿಗೆ ಚಿತ್ರ ಬಹಳ ಹಿಡಿಸಿತು. ಎಂಬತ್ತರ ಹೊಸ್ತಿಲಲ್ಲಿದ್ದ ನನ್ನ ತಂದೆಯವರು ಮಾತ್ರ ಥಿಯೇಟರಿನ ಮೆಟ್ಟಿಲಿಳಿಯುತ್ತಲೇ, “ಎಲ್ಲ ಸರಿ ಮಾರಾಯ, ಜರ್ನೈಲ್ ಸಿಂಗ್ ಮುಂದೆ ಹೋದ. ಅವನ ಜಾಗದಲ್ಲಿ ಹಿಂದೆ ನಿಂತವನ ಹೆಸರು ನಿನಗೆ ಗೊತ್ತೇ?” ಎಂದು ಕೇಳಿದರು. ನನಗೆ ತಟ್ಟನೆ ಹೊಳೆಯಲಿಲ್ಲ. ಮೊನ್ನೆ ಅದೇ ಚಿತ್ರವನ್ನು ಮನೆಯಲ್ಲಿ ಮತ್ತೊಮ್ಮೆ ನೋಡಿದಾಗ ಆ ಪ್ರಶ್ನೆ ಪುನಃ ಎದ್ದಿತು.

ಸಂಗತಿ ಹೀಗೆ. ೧೯೬೨ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಮೊದಲ ಪಂದ್ಯದಲ್ಲೇ ಭಾರತ ದಕ್ಷಿಣ ಕೊರಿಯಕ್ಕೆ ೦-೨ರಿಂದ ಸೋತಿತು. ಬಳಿಕ ಥಾಯ್ಲೆಂಡನ್ನು ೪-೧ರಿಂದ ಸೋಲಿಸಿತಾದರೂ ಆ ಆಟದಲ್ಲಿ ರಕ್ಷಣೆಯ ಆಧಾರಸ್ತಂಭವಾಗಿದ್ದ ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಬಿತ್ತು. ಜಪಾನನ್ನು ೨-೦ರಿಂದ ಗೆದ್ದ ನಂತರ ಸೆಮಿಫೈನಲ್ಲಿಗೆ ರಹೀಮರು ಅವರನ್ನು ಮತ್ತೆ ಇಳಿಸಿದರು. ಇಳಿಸಿದ್ದು ಹಿಂದೆ ಅಲ್ಲ, ಸೆಂಟರ್ ಫಾರ್ವರ್ಡ್ ಆಗಿ! ದಕ್ಷಿಣ ವಿಯೆಟ್ನಾಮಿನ ಮೇಲೆ ೩-೨ರ ಗೆಲುವಿನಲ್ಲಿ ಅವರದೊಂದು ಗೋಲು. ಸೆಪ್ಟೆಂಬರ್ ೪ರ ಫೈನಲ್ಲಿನಲ್ಲಿ ಅದೇ ಕೊರಿಯದ ಎದುರು ಪಿ.ಕೆ. ಬ್ಯಾನರ್ಜಿ ಒಂದು ಗೋಲು, ಜರ್ನೈಲ್ ಇನ್ನೊಂದು ಗೋಲು ಹೊಡೆದು ೨-೧ರಿಂದ ಚಿನ್ನ ತಂದರು. ಕ್ರೀಡಾಂಗಣದ ಜನಸ್ತೋಮವೆಲ್ಲ ಭಾರತದ ವಿರುದ್ಧ ಕೂಗುತ್ತಿದ್ದ ದಿನ ಅದು.

ಇದನ್ನು ಹೇಳುವವರೆಲ್ಲ ಆ ತಲೆಯ ಬ್ಯಾಂಡೇಜನ್ನೇ ಹೇಳುತ್ತಾರೆ. ಧೈರ್ಯಕ್ಕೆ ನನ್ನ ನಮಸ್ಕಾರವಿದೆ. ಆದರೆ ಬರೀ ಧೈರ್ಯದಿಂದ ವ್ಯೂಹ ಬದಲಾಗುವುದಿಲ್ಲ.

ಕಾಲ್ಚೆಂಡಾಟದ ವ್ಯೂಹವೆಂದರೆ ಒಂದು ಕೂಡುಲೆಕ್ಕ. ಗೋಲಿಯನ್ನು ಬಿಟ್ಟರೆ ಉಳಿದವರು ಹತ್ತೇ ಜನ. ಹಳೆಯ ಮೂರು ಬ್ಯಾಕ್ ಪದ್ಧತಿಯಲ್ಲಿ ಹಿಂದೆ ಮೂವರು, ನಡುವೆ ಇಬ್ಬರು, ಮುಂದೆ ಐವರು. ಐವತ್ತರ ದಶಕದಲ್ಲಿ ಹಂಗೇರಿಯವರೂ ಬ್ರೆಜಿಲಿನವರೂ ರೂಢಿಗೆ ತಂದ ೪-೨-೪ರಲ್ಲಿ ಒಬ್ಬ ಹಾಫ್‌ಬ್ಯಾಕ್ ರಕ್ಷಣೆಯ ಸಾಲಿಗೆ ಸೇರುತ್ತಾನೆ, ಅವನ ಜಾಗ ತುಂಬಲು ಒಬ್ಬ ಫಾರ್ವರ್ಡ್ ಮಧ್ಯಕ್ಕೆ ಇಳಿಯುತ್ತಾನೆ. ಕಾಗದದ ಮೇಲೆ ಬದಲಾಗುವುದು ಎರಡೇ ಅಂಕಿ. ಮೈದಾನದಲ್ಲಾದರೋ ಗೋಲು ಹೊಡೆಯಲು ಕಲಿತವನು ಇನ್ನೊಬ್ಬನ ಗೋಲಿಗಾಗಿ ಓಡಬೇಕು. ರಹೀಮರ ತಂಡದಲ್ಲಿ ಈ ಕಾಣದ ಕೆಲಸ ಹೈದರಾಬಾದಿನ ಯೂಸುಫ್ ಖಾನರ ಪಾಲಿಗೆ ಬಂತು. ಆಗಿನ ಪತ್ರಿಕೆಗಳು ತಂಡದ ಪಟ್ಟಿಯನ್ನು ಹಳೆಯ ೨-೩-೫ರ ಕ್ರಮದಲ್ಲೇ ಅಚ್ಚು ಹಾಕುತ್ತಿದ್ದವಾದ್ದರಿಂದ ಅವರ ಹೆಸರು ಫಾರ್ವರ್ಡುಗಳ ನಡುವೆಯೇ ಸಿಗುತ್ತದೆ. ಪಟ್ಟಿಯನ್ನು ಓದಿ ಯಾರಿಗೂ ವ್ಯೂಹ ತಿಳಿಯುತ್ತಿರಲಿಲ್ಲ!

ನಮ್ಮ ಕಚೇರಿಯಲ್ಲೂ ಹೀಗೆಯೇ. ಯಾರು ಯಾವ ಸೀಟಿಗೆ ಎಂದು ಆರ್ಡರ್ ಹೊರಡುತ್ತದೆ. ಬಿಟ್ಟ ಸೀಟಿನ ಫೈಲುಗಳನ್ನು ಯಾರು ನೋಡಬೇಕೆಂದು ಆರ್ಡರಿನಲ್ಲಿ ಇರುವುದಿಲ್ಲ. ಮೂರು ತಿಂಗಳು ಅವು ಅಲ್ಲೇ ಕೂತ ಮೇಲೆ ಮೆಮೊ ಬರುತ್ತದೆ. ಈ ಅನುಭವದಿಂದಲೇ ಇರಬೇಕು, ಜಕಾರ್ತಾದ ಫೈನಲ್ಲಿನಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಅರುಣ್ ಘೋಷರ ಕಡೆಗೆ. ಜರ್ನೈಲರು ಬಿಟ್ಟ ಜಾಗದಲ್ಲಿ ನಿಂತವರು ಅವರು. ಒಂದು ಪಕ್ಕದಲ್ಲಿ ಇಲ್ಲಿನ ಕಾಲ್ಟೆಕ್ಸ್ ತಂಡದ ಚಂದ್ರಶೇಖರ್, ಇನ್ನೊಂದು ಪಕ್ಕದಲ್ಲಿ ತ್ರಿಲೋಕ್ ಸಿಂಗ್. ಮುಂದೆ ಪ್ರಶಾಂತ ಸಿನ್ಹಾ ಮತ್ತು ಮುಂಬಯಿಯ ಟಾಟಾ ತಂಡದ ಫ್ರಾಂಕೋ. ಘೋಷರು ಆ ಜಾಗಕ್ಕೆ ತಯಾರಾಗಿದ್ದುದರಿಂದಲೇ ಜರ್ನೈಲರನ್ನು ಮುಂದೆ ಕಳಿಸುವ ಸ್ವಾತಂತ್ರ್ಯ ರಹೀಮರಿಗಿತ್ತು. ಇಲ್ಲದಿದ್ದರೆ ಅದು ಜೂಜಾಗುತ್ತಿತ್ತು. ಇಂದಿನಂತೆ ಆಟದ ನಡುವೆ ಐದು ಮಂದಿ ಬದಲಿ ಆಟಗಾರರನ್ನು ಇಳಿಸಿ ತಪ್ಪು ತಿದ್ದಿಕೊಳ್ಳುವ ಸೌಕರ್ಯ ಆಗ ಇರಲಿಲ್ಲ.

ಚಿತ್ರದ ಬಗ್ಗೆ ನನ್ನ ಆಕ್ಷೇಪ ಇಲ್ಲಿದೆ. ಪಂದ್ಯಗಳಿಗೆ ಸಮಯ ಧಾರಾಳವಾಗಿ ಕೊಟ್ಟಿದ್ದಾರೆ, ಶ್ರಮವನ್ನೂ ಪಟ್ಟಿದ್ದಾರೆ. ಆದರೆ ಕ್ಯಾಮರಾ ಚೆಂಡಿನ ಬೆನ್ನು ಬಿಡುವುದಿಲ್ಲ. ಬೂಟು, ಬೆವರು, ಹುಲ್ಲು, ಮುಖ. ವ್ಯೂಹ ಕಾಣಬೇಕಾದರೆ ಚೆಂಡಿಲ್ಲದ ಕಡೆಗೆ ನೋಡಬೇಕು. ಕೂಪರೇಜಿನ ಅಗ್ಗದ ಸ್ಟ್ಯಾಂಡಿನಲ್ಲಿ ನಿಂತು ನೋಡಿದ ಹೋಟೆಲ್ ಹುಡುಗನಿಗೆ ಆ ದೃಷ್ಟಿ ತಾನಾಗಿ ಸಿಗುತ್ತಿತ್ತು. ತಂದೆಯವರು ಅಂಥ ಹುಡುಗರಲ್ಲಿ ಒಬ್ಬರು. ಕೋಟೆಯ ಹೋಟೆಲೊಂದರಲ್ಲಿ ಕೆಲಸ, ರಾತ್ರಿ ಶಾಲೆ, ನಡುವೆ ಬಿಡುವು ಸಿಕ್ಕರೆ ರೋವರ್ಸ್ ಕಪ್.

ಆ ಕೂಪರೇಜಿಗೂ ರಹೀಮರಿಗೂ ಹಳೆಯ ನಂಟು. ಅವರು ಪಳಗಿಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ ೧೯೫೦ರಿಂದ ೧೯೫೪ರವರೆಗೆ ಸತತ ಐದು ಬಾರಿ ರೋವರ್ಸ್ ಕಪ್ ಗೆದ್ದಿತು. ಅದಕ್ಕೂ ಮೊದಲು ೧೯೩೭, ೧೯೩೮ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಆ ಕಪ್ಪನ್ನು ಬೆಂಗಳೂರಿಗೆ ಒಯ್ದಿತ್ತೆಂಬುದನ್ನು ನಾವು ಕನ್ನಡಿಗರು ಇಲ್ಲಿ ನೆನೆದರೆ ತಪ್ಪಲ್ಲ. ೧೯೫೬ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆದ ರಹೀಮರ ತಂಡದಲ್ಲೂ ನಮ್ಮ ಬೆಂಗಳೂರಿನ ಕೆಂಪಯ್ಯನವರಿದ್ದರು, ಹಾಫ್‌ಬ್ಯಾಕ್.

ರಹೀಮರನ್ನು ಹೊಗಳಿದ್ದಷ್ಟೇ ಆದರೆ ವಿಮರ್ಶೆ ಆಗಲಿಲ್ಲ. ಅವರ ಏರ್ಪಾಡೆಲ್ಲ ಅವರ ತಲೆಯಲ್ಲೇ ಇತ್ತೆಂದು ತೋರುತ್ತದೆ. ಶ್ವಾಸಕೋಶದ ಕ್ಯಾನ್ಸರಿನಿಂದ ೧೯೬೩ರ ಜೂನ್ ೧೧ರಂದು ಅವರು ತೀರಿಕೊಂಡರು. ೧೯೬೪ರ ಏಷ್ಯಾ ಕಪ್ಪಿನಲ್ಲಿ ಎರಡನೆಯ ಸ್ಥಾನ, ೧೯೭೦ರ ಏಷ್ಯನ್ ಕೂಟದಲ್ಲಿ ಕಂಚು. ಏಷ್ಯನ್ ಚಿನ್ನ ಮಾತ್ರ ಮತ್ತೆ ಬರಲಿಲ್ಲ. ಕಲಿಸಿದ್ದನ್ನು ಮುಂದುವರಿಸುವವರನ್ನು ತಯಾರು ಮಾಡುವುದು ತರಬೇತುದಾರನ ಕೆಲಸವೋ, ಅವನನ್ನು ನೇಮಿಸಿದ ಸಂಸ್ಥೆಯ ಕೆಲಸವೋ? ಸಂಸ್ಥೆಯದೆಂದೇ ನನ್ನ ಅಭಿಪ್ರಾಯ. ಜರ್ನೈಲರ ಜಾಗಕ್ಕೆ ರಹೀಮರು ಆಳನ್ನು ಇಟ್ಟಿದ್ದರು. ರಹೀಮರ ಜಾಗಕ್ಕೆ ಯಾರೂ ಇಡಲಿಲ್ಲ.

ಇನ್ನೊಂದು ಮಾತು ಉಳಿದಿದೆ. ಹಿಂದಿನವನೊಬ್ಬ ಮುಂದೆ ಹೋದರೆ ಮುಂದಿನವನೊಬ್ಬ ಹೊರಗೆ ಕೂರಬೇಕಲ್ಲ. ಫೈನಲ್ಲಿನ ಹನ್ನೊಂದರಲ್ಲಿ ಎತಿರಾಜ್, ಅಫ್ಜಲ್, ಬೆಂಗಳೂರಿನಿಂದ ಹೋದ ಅರುಮೈನಾಯಗಂ ಇವರಾರೂ ಇಲ್ಲ. ಜರ್ನೈಲರೂ ಮುಂದೆ ಹೆಸರಾದದ್ದು ರಕ್ಷಣಾ ಆಟಗಾರರಾಗಿಯೇ. ಅರವತ್ತರ ದಶಕದಲ್ಲಿ ಮೋಹನ್ ಬಗಾನಿನೊಂದಿಗೆ ಕೂಪರೇಜಿಗೆ ಬಂದಾಗ ತಂದೆಯವರು ಅವರನ್ನು ಕಂಡದ್ದು ಹಿಂದಿನ ಸಾಲಿನಲ್ಲೇ. ಅರುಮೈನಾಯಗಂ ಅವರೂ ಅದೇ ಮೋಹನ್ ಬಗಾನಿನವರು. ತಂದೆಯವರಿಗೆ ಅವರ ಆಟ ನೆನಪಿಗೆ ಬರುತ್ತಿಲ್ಲ. ಆ ದಿನಗಳಲ್ಲಿ ಕೂಪರೇಜಿಗೆ ಹೋಗುತ್ತಿದ್ದ ಹಿರಿಯರು ನಮ್ಮ ಸಂಘದಲ್ಲಿ ಇನ್ನೂ ಕೆಲವರಿದ್ದಾರೆ. ಅವರಲ್ಲಿ ಯಾರಿಗಾದರೂ ಅದು ನೆನಪಿದ್ದರೆ ಮುಂದಿನ ಸಂಚಿಕೆಗೆ ನಾಲ್ಕು ಸಾಲು ಬರೆದು ಕಳಿಸಬೇಕೆಂದು ಕೋರುತ್ತೇನೆ.