ಒಂದು ಲಕ್ಷಣವಾಕ್ಯದ ವಿಮರ್ಶೆ: ಮಾನವವಿಷಯಕ ಮೂಲಸಂಶೋಧನೆಯೂ ಅದರ ಧನಸಹಾಯವೂ

ಯಾವ ಪದಾರ್ಥಕ್ಕಾಗಲಿ ಲಕ್ಷಣವನ್ನು ಹೇಳುವಾಗ ಮೂರು ದೋಷಗಳನ್ನು ಪರಿಹರಿಸತಕ್ಕದ್ದೆಂದು ತರ್ಕಶಾಸ್ತ್ರದ ಆರಂಭದಲ್ಲಿಯೇ ಬಾಲಕರಿಗೆ ಬೋಧಿಸುವ ವಾಡಿಕೆಯುಂಟು. ಗೋವಿಗೆ ಕಪಿಲವರ್ಣವು ಲಕ್ಷಣವೆಂದರೆ ಬಿಳಿಯ ಹಸು ಹೊರಗುಳಿಯುವುದು. ಕೊಂಬುಳ್ಳದ್ದೆಂದರೆ ಎಮ್ಮೆಯೂ ಒಳಹೊಗುವುದು. ಒಂಟಿಗೊರಸುಳ್ಳದ್ದೆಂದರೆ ಒಂದು ಗೋವೂ ಸಿಕ್ಕದು. ಈ ಪಾಠವು ಬಾಲಕರಿಗೆ ಮಾತ್ರವಲ್ಲದೆ ರಾಜ್ಯದ್ರವ್ಯವನ್ನು ವಿನಿಯೋಗಿಸುವ ಅಧಿಕಾರಿಗಳಿಗೂ ಅವಶ್ಯಕವೆಂಬುದಕ್ಕೆ ಅಮೆರಿಕಾ ಸಂಯುಕ್ತ ಸಂಸ್ಥಾನದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಒಂದು ವಾಕ್ಯವು ಒಳ್ಳೆಯ ನಿದರ್ಶನವಾಗಿದೆ.

ವೈದ್ಯವಿಷಯಕ ಸಂಶೋಧನೆಗೆ ಸರ್ಕಾರದ ಧನವನ್ನು ಹಂಚುವ ಆ ಸಂಸ್ಥೆಯು 2014ರ ಅಕ್ಟೋಬರಿನಲ್ಲಿ 'ಕ್ಲಿನಿಕಲ್ ಟ್ರಯಲ್' ಎಂಬ ಪದಕ್ಕೆ ಪರಿಷ್ಕೃತ ಲಕ್ಷಣವನ್ನು ಪ್ರಕಟಿಸಿತು. ಅದರ ತಾತ್ಪರ್ಯವಿದು: ಮನುಷ್ಯರನ್ನು ಮುಂದಾಗಿಯೇ ಒಂದು ಅಥವಾ ಹಲವು ಪ್ರಯೋಗಕ್ರಿಯೆಗಳಿಗೆ ನಿಯೋಜಿಸಿ, ಆರೋಗ್ಯಸಂಬಂಧವಾದ ದೈಹಿಕ ಅಥವಾ ವರ್ತನಾರೂಪವಾದ ಫಲಗಳಲ್ಲಿ ಆ ಕ್ರಿಯೆಗಳಿಂದಾಗುವ ಪರಿಣಾಮವನ್ನು ನಿರ್ಣಯಿಸುವುದಕ್ಕಾಗಿ ನಡೆಯುವ ಸಂಶೋಧನೆಯೇ ಟ್ರಯಲ್.

ವಾಕ್ಯವು ಮೇಲುನೋಟಕ್ಕೆ ನಿರ್ದುಷ್ಟವಾಗಿಯೇ ಇದೆ. 'ಮುಂದಾಗಿಯೇ ನಿಯೋಜಿಸಿ' ಎಂಬುದರಿಂದ ಕೇವಲ ಅವಲೋಕನವು ವ್ಯಾವೃತ್ತವಾಗುತ್ತದೆ. 'ಆರೋಗ್ಯಸಂಬಂಧವಾದ' ಎಂಬುದರಿಂದ ಜ್ಞಾನಮಾತ್ರಪ್ರಯೋಜನವುಳ್ಳ ಪ್ರಯೋಗವು ವ್ಯಾವೃತ್ತವಾಗಬೇಕು. ಆದರೆ ಸೂತ್ರವನ್ನು ಕೆಡಿಸಿದ್ದು ಸೂತ್ರವಲ್ಲ, ಅದರ ವೃತ್ತಿ. ಮನುಷ್ಯನ ದೈಹಿಕ ಅಥವಾ ವರ್ತನಾಸ್ಥಿತಿಯನ್ನು ತೋರಿಸುವುದೆಲ್ಲವೂ ಆರೋಗ್ಯಸಂಬಂಧವಾದ ಫಲವೇ ಎಂದು ಸಂಸ್ಥೆಯವರು ವ್ಯಾಖ್ಯಾನಿಸಿದರು. ಹೀಗಾದ ಮೇಲೆ ಆ ವಿಶೇಷಣಕ್ಕೆ ಕೆಲಸವೇನು ಉಳಿಯಿತು? ನೆನಪು, ಅವಧಾನ, ದೃಷ್ಟಿ ಇವೆಲ್ಲವೂ ಮನುಷ್ಯನ ಸ್ಥಿತಿಗಳೇ. ಆರೋಗ್ಯವಂತನಾದ ವಿದ್ಯಾರ್ಥಿಯೊಬ್ಬನಿಗೆ ಮುಖಗಳ ಚಿತ್ರಗಳನ್ನೂ ಮನೆಗಳ ಚಿತ್ರಗಳನ್ನೂ ತೋರಿಸಿ, ಮಿದುಳಿನ ಯಾವ ಭಾಗವು ಯಾವುದಕ್ಕೆ ಸ್ಪಂದಿಸುವುದೆಂದು ಯಂತ್ರದಿಂದ ನೋಡಿದರೆ, ಅದೂ ಔಷಧಪರೀಕ್ಷೆಯ ಪಂಕ್ತಿಯಲ್ಲಿ ಕುಳಿತುಕೊಳ್ಳಬೇಕಾಯಿತು. ಎಮ್ಮೆ ಒಳಹೊಕ್ಕಿತು.

ಇದು ಶಬ್ದದ ಜಗಳವೆಂದು ಉಪೇಕ್ಷಿಸುವಂತಿಲ್ಲ. 2018ರ ಜನವರಿ 25ರಿಂದ ಟ್ರಯಲ್‌ಗೆ ಬೇರೆ, ಇತರ ಸಂಶೋಧನೆಗೆ ಬೇರೆ ಅನುದಾನಪ್ರಕಟನೆಗಳು ಏರ್ಪಟ್ಟವು. ಅರ್ಜಿಯನ್ನು ತಪ್ಪು ಪ್ರಕಟನೆಗೆ ಕಳುಹಿಸಿದವನ ಪ್ರಸ್ತಾವವು ಗುಣದೋಷಗಳ ವಿಚಾರವಿಲ್ಲದೆಯೇ ಹಿಂದಿರುಗಬಹುದಾಗಿತ್ತು. ಅದಕ್ಕೆ ಮೊದಲೇ, 2017ರಲ್ಲಿ, ಮೂರು ಸಾವಿರಕ್ಕೂ ಹೆಚ್ಚು ವಿಜ್ಞಾನಿಗಳು ಸಂಸ್ಥೆಯ ನಿರ್ದೇಶಕರಾಗಿದ್ದ ಫ್ರಾನ್ಸಿಸ್ ಕಾಲಿನ್ಸರಿಗೆ ಬಹಿರಂಗಪತ್ರವನ್ನು ಬರೆದಿದ್ದರು. 2018ರ ಮಾರ್ಚಿಯಲ್ಲಿ ಆ ದೇಶದ ಶಾಸನಸಭೆಯೇ ಮೂಲಸಂಶೋಧನೆಯ ವಿಷಯದಲ್ಲಿ ಈ ನಿಯಮವನ್ನು ತಡೆಹಿಡಿಯಬೇಕೆಂದು ಸೂಚಿಸಿತು. ನೋಂದಣಿ ಮತ್ತು ಫಲಪ್ರಕಟನೆಯ ಕಟ್ಟುಪಾಡು ಮೊದಲು 2019ರ ಸೆಪ್ಟೆಂಬರಿಗೂ, ಅನಂತರ ಎರಡೆರಡು ವರ್ಷವಾಗಿ 2023ರ ಸೆಪ್ಟೆಂಬರಿಗೂ ಮುಂದೂಡಲ್ಪಟ್ಟಿತು.

ಈ ಮಧ್ಯೆ 2018ರ ಕೊನೆಯಲ್ಲಿ 'ಮಾನವರನ್ನೊಳಗೊಂಡ ಮೂಲಭೂತ ಪ್ರಾಯೋಗಿಕ ಅಧ್ಯಯನ' ಎಂಬ ಹೊಸ ವರ್ಗವೊಂದು ಹುಟ್ಟಿ, ಅದಕ್ಕೆ ಪ್ರತ್ಯೇಕವಾದ ಪ್ರಕಟನೆಗಳೂ ಹೊರಟವು. ಮೂಲಸಂಶೋಧನೆಯ ಲಕ್ಷಣವೂ ಟ್ರಯಲ್‌ನ ಲಕ್ಷಣವೂ ಎಲ್ಲಿ ಒಟ್ಟಿಗೆ ಇರುವುವೋ ಅದೇ ಈ ವರ್ಗವಂತೆ! ನೈಯಾಯಿಕರಿಗೆ ಇದು ಪರಿಚಿತವಾದ ಸಾಂಕರ್ಯ. ಭೂತತ್ವವು ಮೂರ್ತತ್ವವಿಲ್ಲದೆ ಆಕಾಶದಲ್ಲಿದೆ, ಮೂರ್ತತ್ವವು ಭೂತತ್ವವಿಲ್ಲದೆ ಮನಸ್ಸಿನಲ್ಲಿದೆ, ಎರಡೂ ಕೂಡಿ ಪೃಥಿವಿಯಲ್ಲಿವೆ. ಆದುದರಿಂದಲೇ ಅವೆರಡನ್ನೂ ಜಾತಿಯೆಂದು ಒಪ್ಪದೆ ಉಪಾಧಿಯೆಂದರು. ಹಾಗೆಯೇ ಜೀವಕೋಶದ ಅಧ್ಯಯನದಲ್ಲಿ ಮೂಲತ್ವ ಮಾತ್ರ, ಔಷಧಪರೀಕ್ಷೆಯಲ್ಲಿ ಟ್ರಯಲ್‌ತ್ವ ಮಾತ್ರ, ಮುಖಚಿತ್ರದ ಪ್ರಯೋಗದಲ್ಲಿ ಎರಡೂ. ಹೊಸ ವರ್ಗವು ವಸ್ತುಸ್ವಭಾವದಿಂದ ಬಂದದ್ದಲ್ಲ, ಕಚೇರಿಯ ಉಪಾಧಿ. ಲಕ್ಷಣವನ್ನು ತಿದ್ದುವುದಕ್ಕೆ ಬದಲಾಗಿ ಅತಿವ್ಯಾಪ್ತಿಗೇ ಒಂದು ಹೆಸರಿಟ್ಟು ಪೀಠಹಾಕಿದಂತಾಯಿತು.

ಪೂರ್ವಪಕ್ಷವು ದುರ್ಬಲವೆಂದು ಹೇಳಲಾಗದು. ಪರೀಕ್ಷೆಗೆ ದೇಹವನ್ನೊಪ್ಪಿಸಿದವರ ಋಣವು ಫಲವನ್ನು ಪ್ರಕಟಿಸದೆ ತೀರುವುದಿಲ್ಲ. ಪ್ರತಿಕೂಲವಾದ ಫಲಗಳನ್ನು ಮುಚ್ಚಿಡುವ ದುರಭ್ಯಾಸವಿದ್ದುದರಿಂದಲೇ 2000ದಲ್ಲಿ ಸಾರ್ವಜನಿಕವಾದ ದಾಖಲೆಯ ಭಂಡಾರವೂ 2007ರಲ್ಲಿ ಶಾಸನವೂ ಬಂದವು. ಆ ಋಣವು ಮೂಲಸಂಶೋಧಕನಿಗೂ ಉಂಟು. ಆದರೆ ಋಣವುಂಟೆಂದ ಮಾತ್ರಕ್ಕೆ ಎಲ್ಲರೂ ಒಂದೇ ನಾಣ್ಯದಲ್ಲಿ ತೀರಿಸಬೇಕೆಂಬುದು ಸಿದ್ಧವಾಗುವುದಿಲ್ಲ. ಆ ದಾಖಲೆಯ ಪತ್ರವು ರೋಗ, ಚಿಕಿತ್ಸೆ, ಮುಖ್ಯಫಲ ಎಂಬ ಅಂಕಣಗಳಿಂದ ರಚಿತವಾದದ್ದು. ರೋಗವೇ ಇಲ್ಲದ ಪ್ರಯೋಗದವನು ಮೊದಲ ಅಂಕಣದಲ್ಲಿ ಬರೆಯುವುದೇನು?

ಈ ತೊಡಕು ಹೆಚ್ಚಾಗಿ ತಟ್ಟುವುದು ಶೋಧದ ಮೊದಲ ಮೆಟ್ಟಿಲಿನಲ್ಲಿರುವವರಿಗೆ. ಅಂಥವರಿಗೆಂದೇ ಏರ್ಪಟ್ಟ 'ಆರ್ 21' ಎಂಬ ಅನುದಾನವು ಎರಡು ವರ್ಷಗಳಿಗೆ ಒಟ್ಟು 2,75,000 ಡಾಲರುಗಳ ನೇರವೆಚ್ಚವನ್ನು ಮಿತಿಯಾಗಿಟ್ಟುಕೊಂಡು, ಪೂರ್ವದತ್ತಾಂಶಗಳನ್ನು ಕಡ್ಡಾಯವಾಗಿ ಕೇಳದೆ, ಇನ್ನೂ ಅರಳದ ಊಹೆಗೆ ಅವಕಾಶ ಕೊಡುವ ಉದಾರಕ್ರಮವಾಗಿ ಪ್ರಸಿದ್ಧವಾಯಿತು. ಹೊಸ ವರ್ಗಕ್ಕೂ ಅಂಥದೊಂದು ಪ್ರಕಟನೆ ಹೊರಟಿತು. ಏನು ಕಾಣುವುದೋ ತಿಳಿಯದೆಂಬ ಕಾರಣದಿಂದಲೇ ಧನವನ್ನು ಪಡೆದವನು, ಮುಖ್ಯವಾಗಿ ಏನನ್ನು ಕಾಣುವೆನೆಂದು ಮೊದಲೇ ದಾಖಲುಮಾಡಬೇಕಾದುದು ವ್ಯಾಘಾತವಲ್ಲದೆ ಮತ್ತೇನು? ಮಿಕ್ಕ ದಾಖಲೆಗಳಲ್ಲಿ ನೋಂದಾಯಿಸಲು ಅನುಮತಿಯಿತ್ತದ್ದು ಸಂಸ್ಥೆಯ ವಿವೇಕವೇ ಸರಿ. ಅದೂ ತಡವಾಗಿ ಬಂದಿತು.

ಒಂದೇ ಕ್ರಿಯೆಯು ಪ್ರಯೋಜನಭೇದದಿಂದ ಬೇರೆಬೇರೆಯಾಗಬಹುದೆಂದು ಮೀಮಾಂಸಕರು ಸಂಯೋಗಪೃಥಕ್ತ್ವನ್ಯಾಯದಲ್ಲಿ ತೋರಿಸಿದ್ದಾರೆ. ನಿದ್ರೆಯನ್ನು ಕಡಮೆಮಾಡುವ ಕ್ರಿಯೆಯು ರೋಗನಿವಾರಣೆಗಾದರೆ ಒಂದು, ನಿದ್ರೆಯ ಸ್ವರೂಪವನ್ನು ಅರಿಯುವುದಕ್ಕಾದರೆ ಇನ್ನೊಂದು. 'ನಿರ್ಣಯಿಸುವುದಕ್ಕಾಗಿ' ಎಂಬ ಪದವನ್ನು ಇಟ್ಟ ಸೂತ್ರಕಾರರಿಗೆ ಈ ಭೇದವು ತಿಳಿದೇ ಇದ್ದಿರಬೇಕು. ಸೂತ್ರದ ಒಂದಕ್ಷರವನ್ನೂ ಬದಲಿಸದೆ, 'ಆರೋಗ್ಯಸಂಬಂಧವೆಂದರೆ ರೋಗದ ನಿವಾರಣೆ ಅಥವಾ ಆರೋಗ್ಯದ ವೃದ್ಧಿಯನ್ನು ಉದ್ದೇಶಿಸಿದ್ದು' ಎಂದು ವೃತ್ತಿಯಲ್ಲಿ ಒಂದು ಪಂಕ್ತಿಯನ್ನು ಸೇರಿಸಿದ್ದರೆ ಎಮ್ಮೆಯು ತನ್ನ ಕೊಟ್ಟಿಗೆಯಲ್ಲಿಯೇ ಉಳಿಯುತ್ತಿತ್ತು.